ನಿದ್ದೆ ಕದಿಯುವ ಕಳ್ಳ ಮಾತ್ರೆ ಡಬ್ಬಿಯಲ್ಲಿ!

"ರಾತ್ರಿಯೆಲ್ಲ ನಿದ್ದೆಯೇ ಹತ್ತಲ್ಲ ಕಣ್ರೀ" ಅಂತ ಯಾರಾದರೂ ಅಂದರೆ ಸಾಕು, ನಮ್ಮಲ್ಲಿ ಸಲಹೆಗಳಿಗೆ ಬರವೇ? ಬಿಸಿ ಹಾಲು ಕುಡೀರಿ, ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ಸೀರಿಯಲ್ ಬಿಡಿ... ಆದರೆ "ಯಾವ್ಯಾವ ಮಾತ್ರೆ ತಗೋತಿದೀರಿ?" ಎಂದು ಕೇಳುವವರು ಅಪರೂಪ. ಮೊದಲು ಕೇಳಬೇಕಾದದ್ದೇ ಅದು.

ಉಬ್ಬಸಕ್ಕೆ ಕೊಡುವ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಯನ್ನು ಸಂಜೆ ನುಂಗಿದರೆ ನಡುರಾತ್ರಿಯಾದರೂ ಕಣ್ಣು ಪಿಳಿಪಿಳಿ. ಬೆಳಗಿನ ತಿಂಡಿಯಾದ ಮೇಲೆ ಎಂದು ವೈದ್ಯರು ಬರೆಯುವುದು ಸುಮ್ಮನೆ ಅಲ್ಲ. ಬಿಪಿಗೆಂದು ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ರಾತ್ರಿ ತಗೊಂಡರೆ ಬಾತ್‌ರೂಮಿಗೆ ಓಡಾಡುವುದರಲ್ಲೇ ಬೆಳಗಾಗುತ್ತದೆ. ಇದನ್ನೆಲ್ಲ ನೋಡದೆ ಓರಗಿತ್ತಿಯ ಸ್ಟ್ರಿಪ್ಪಿನಿಂದ ಒಂದು ನಿದ್ದೆ ಮಾತ್ರೆ ಕತ್ತರಿಸಿಕೊಳ್ಳುತ್ತೇವೆ! ಆಲ್ಪ್ರಜೋಲಾಮ್ ನಿದ್ದೆ ಬೇಗ ಬರಿಸುತ್ತದೆ, ನಿಜ. ಆದರೆ ಗಾಢ ನಿದ್ದೆಯ ಪಾಲನ್ನೇ ತಿಂದುಬಿಡುತ್ತದೆ.

ಗೊರಕೆ, ಉಸಿರು ಕಟ್ಟುವುದು ಅಂತ ಈಗ ಸ್ಲೀಪ್ ಸ್ಟಡಿಗೆ ಹೋಗುವವರೂ ಹೆಚ್ಚಿದ್ದಾರೆ. ತಲೆಗೆ, ಕಣ್ಣಿನ ಪಕ್ಕಕ್ಕೆ, ಎದೆಗೆ ವೈರು ಅಂಟಿಸಿ ರಾತ್ರಿಯಿಡೀ ಮಿದುಳಿನ ಅಲೆ, ಉಸಿರು, ರಕ್ತದ ಆಮ್ಲಜನಕ ದಾಖಲಿಸುತ್ತಾರೆ. ಹೆಂಗಸರು ಒಂದು ವಿಷಯ ಮುಚ್ಚಿಡುವುದು ಇಲ್ಲೇ. ಅದು ಖಿನ್ನತೆಯ ಮಾತ್ರೆ. ಸೀರೆ ಮಡಿಕೆಯ ನಡುವೆ ಬಚ್ಚಿಟ್ಟು ನುಂಗುವವರಿದ್ದಾರೆ. ಫಾರಂ ತುಂಬುವಾಗ ಪಕ್ಕದಲ್ಲಿ ಅತ್ತೆಯೋ ಯಜಮಾನರೋ ಕೂತಿದ್ದರೆ "ಬೇರೇನೂ ತಗೊಳ್ಳಲ್ಲ" ಎಂಬ ಉತ್ತರವೇ ಗತಿ.

ಸಾಮಾನ್ಯವಾಗಿ ಕಣ್ಣು ಹತ್ತಿದ ಸುಮಾರು 90 ನಿಮಿಷಕ್ಕೆ ಕನಸಿನ ನಿದ್ದೆ ಶುರುವಾಗುತ್ತದೆ. ಫ್ಲೂಕ್ಸೆಟಿನ್, ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಗಳು ಅದನ್ನು ಮುಂದೂಡುತ್ತವೆ, ಕಡಿಮೆಯೂ ಮಾಡುತ್ತವೆ. ಕೆಲವರಿಗೆ ಉಸಿರು ಕಟ್ಟುವುದು ಹೆಚ್ಚಾಗಿ ಆ ಕನಸಿನ ನಿದ್ದೆಯಲ್ಲೇ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಹಾಗಾಗಿ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಡಿಮೆ ಕಂಡೀತು! ಮಾತ್ರೆಯ ವಿಷಯ ತಿಳಿಯದ ವೈದ್ಯರು ಅದನ್ನು ಹೇಗೆ ತಾನೇ ಸರಿಯಾಗಿ ಓದಿಯಾರು?

ಹಾಗಂತ ಪರೀಕ್ಷೆಗೆ ಎರಡು ದಿನ ಮುಂಚೆ ನೀವೇ ಮಾತ್ರೆ ನಿಲ್ಲಿಸಿಬಿಡಬೇಡಿ. ತಲೆಸುತ್ತು, ಚಡಪಡಿಕೆ ಒಂದು ಕಡೆ. ಅದುಮಿಟ್ಟ ಕನಸಿನ ನಿದ್ದೆ ಒಮ್ಮೆಲೇ ಉಕ್ಕಿ ರಿಪೋರ್ಟು ಇನ್ನೊಂದು ರೀತಿ ಕೆಡುತ್ತದೆ. ಯಾವುದನ್ನು, ಎಷ್ಟು ದಿನ ಮೊದಲು ಬಿಡಬೇಕು ಅಥವಾ ಬಿಡಲೇಬಾರದು ಎನ್ನುವುದನ್ನು ವೈದ್ಯರು ಪರೀಕ್ಷೆಯ ಉದ್ದೇಶ ನೋಡಿ ಹೇಳುತ್ತಾರೆ.

ಎಲ್ಲರ ಮುಂದೆ ಬಾಯಿಬಿಡಲು ಸಂಕೋಚವೇ? ಮಾತ್ರೆಯ ಹೆಸರು, ಎಷ್ಟು ಎಂಜಿ, ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೇ ಕೊಡಿ. ನೆಗಡಿಗೆಂದು ನುಂಗಿದ ಅವಿಲ್ ಕೂಡ ಆ ಚೀಟಿಯಲ್ಲಿರಲಿ.