ಸಾಮ್ರಾಜ್ಯ ಸತ್ತಿತು, ಬೋರ್ಡು ಉಳಿಯಿತು!

ಗೆಳೆಯರೇ, ಅಚ್ಚು ಹಾಕಿ ಅನ್ನ ತಿನ್ನುವವನು ನಾನು. ಒಂದು ಹೆಸರು ಬದಲಾದರೆ ಲೆಟರ್‌ಹೆಡ್ಡು, ಬಿಲ್ ಬುಕ್ಕು, ರಬ್ಬರ್ ಸ್ಟಾಂಪು ಎಲ್ಲ ಬದಲಾಗುತ್ತವೆ. ಆದರೆ ನೆನಪು?

ಜಪಾನೀ ಭಾಷೆಯಲ್ಲಿ ಸಾಮ್ರಾಜ್ಯಕ್ಕೆ ‘ತೇಕೊಕು’ ಎನ್ನುತ್ತಾರೆ. ‘ತೇ’ ಎಂದರೆ ಚಕ್ರವರ್ತಿ, ‘ಕೊಕು’ ಎಂದರೆ ನಾಡು. 1889ರ ಸಂವಿಧಾನದ ಹೆಸರಿನಲ್ಲೇ ಈ ಪದ ಮೆರೆಯಿತು. ಯುದ್ಧದಲ್ಲಿ ಸೋತ ಮೇಲೆ, 1947ರಲ್ಲಿ ಹೊಸ ಸಂವಿಧಾನ ಜಾರಿಗೆ ಬಂತು. ದೇಶದ ಹೆಸರಿನಿಂದ ‘ತೇ’ ಹೋಯಿತು. ಅದೇ ವರ್ಷ ಟೋಕಿಯೋ ವಿಶ್ವವಿದ್ಯಾಲಯವೂ ಅದನ್ನು ಕಳಚಿಟ್ಟಿತು.

ಪದ ಸತ್ತಿತೇ? ಇಲ್ಲ! 1890ರಲ್ಲಿ ಬಾಗಿಲು ತೆರೆದ ಟೋಕಿಯೋದ ಇಂಪೀರಿಯಲ್ ಹೋಟೆಲು ಜಪಾನೀಯರ ಬಾಯಲ್ಲಿ ಇಂದಿಗೂ ‘ತೇಕೊಕು ಹೋಟೆಲು’. ಶಾಲಾ ಭೂಪಟ ಅಚ್ಚು ಹಾಕುವ ಪ್ರಕಾಶನ ‘ತೇಕೊಕು ಶೋಇನ್’. 1918ರ ಕೃತಕ ರೇಷ್ಮೆ ಕಂಪನಿ 1962ರಲ್ಲಿ ‘ತೇಜಿನ್’ ಎಂದು ಮೊಟಕಾಯಿತು. ಮೊದಲಕ್ಷರದಲ್ಲಿ ಚಕ್ರವರ್ತಿ ಇನ್ನೂ ಅಡಗಿದ್ದಾನೆ! 1980ರ ‘ಸ್ಟಾರ್ ವಾರ್ಸ್’ ಚಿತ್ರದ ಜಪಾನೀ ಹೆಸರಿನಲ್ಲೂ ‘ತೇಕೊಕು’ ಇದೆ. ಅಲ್ಲಿ ಮಾತ್ರ ಅದು ಖಳನಾಯಕ.

ಹೋಟೆಲಿನಲ್ಲಿ ಗೌರವ, ಸಿನಿಮಾದಲ್ಲಿ ಖಳ. ಕೊರಿಯಾದವರಿಗೆ? 1940ರಲ್ಲಿ ಇದೇ ತೇಕೊಕು ಅವರ ಮನೆತನದ ಹೆಸರುಗಳನ್ನೇ ಜಪಾನೀ ಮಾದರಿಗೆ ತಿರುಗಿಸಲು ಒತ್ತಾಯಿಸಿತು. ಅಪ್ಪ ಕೊಟ್ಟ ಹೆಸರನ್ನು ಕಿತ್ತುಕೊಂಡ ಪದ, ಬೋರ್ಡಿನ ಮೇಲೆ ಹೊಳೆದರೆ ಕರುಳು ಚುರುಕ್ ಎನ್ನದೇ?

ಬೋರ್ಡು ಕೀಳಿ ಎಂದು ನಾನು ಹೇಳುವುದಿಲ್ಲ. ಕಿತ್ತರೆ ಕಥೆಯೂ ಅಳಿಸಿಹೋಗುತ್ತದೆ. ಆದರೆ ಭೂಪಟದ ಮೇಲೆ ಆ ಪದ ಓದುವ ಮಗುವಿಗೆ ಅದರ ಹಿಂದಿನ ಕಥೆಯನ್ನೂ ಹೇಳಲೇಬೇಕು.

ತರುಣರೇ, ಹೆಸರೆಂದರೆ ಬರೀ ಶಾಯಿಯಲ್ಲ!