ಊರನ್ನು ಓದುವ ಬಗೆ

ಜನಗಣತಿಯವರು ಮನೆಗಳನ್ನು ಎಣಿಸುತ್ತಾರೆ. ಯಾರು ಯಾರ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆಂಬುದನ್ನು ಅವರ ಪಟ್ಟಿ ಹೇಳಲಾರದು. ಅದನ್ನರಿಯಲು ಊರಿನಲ್ಲಿ ನೆಲೆಸಬೇಕು. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸಿಸಿ, ಅದಕ್ಕೆ ರಾಮಪುರವೆಂಬ ಹೆಸರಿಟ್ಟು ಬರೆದುದು ಇಂತಹ ಅಧ್ಯಯನ.

ಅನಂತರ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಭ್ಯಸಿಸಿದರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು. ಮತ್ತೊಂದು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಕಂಡ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸುವರು. ಆದುದು ಬೇರೆ. ಅಲ್ಲಿ ಕಬ್ಬು ಬೆಳೆದು ಹಣ ಬಂದರೂ ಒಡೆಯ ಆಳುಗಳ ಹಳೆಯ ಕಟ್ಟು ಉಳಿಯಿತು. ಒಣಭೂಮಿಯ ಜನರೇ ಪೇಟೆಯ ಉದ್ಯೋಗ ಹಿಡಿದು ಆ ಕಟ್ಟನ್ನು ಸಡಿಲಿಸಿದರು.

ನಮ್ಮ ಗದಗು ಸೀಮೆಯನ್ನೂ ಹೀಗೆ ನೋಡಬೇಕು. ನರಗುಂದಕ್ಕೆ ಮಲಪ್ರಭೆಯ ಕಾಲುವೆ ಬಂದಿತು. ಅದರ ಬೆನ್ನಿಗೇ ಬಂದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ರೈತರು ಬಂಡೆದ್ದರು. ಆ ದಿನದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೀರು ಬಂದ ಮೇಲೆ ಹೊಲದ ಒಡೆಯನಿಗೂ ಕೂಲಿಯವಳಿಗೂ ನಡುವಿನ ಮಾತು ಹೇಗೆ ಮಾರ್ಪಟ್ಟಿತೆಂದು ಕೇಳುವವರು ವಿರಳ. ರೋಣದ ಎರೆಹೊಲಗಳಿಂದ ಗೋವೆಗೆ ಗುಳೆ ಹೋದವರು ಮರಳುವಾಗ ಯಾವ ನಡೆನುಡಿಯನ್ನು ತರುತ್ತಾರೆ? ಗಜೇಂದ್ರಗಡದ ನೇಕಾರನ ಮಗ ಮಗ್ಗ ಬಿಟ್ಟರೆ ಆ ಮನೆಯ ಬೀಗತನಗಳು ಎತ್ತ ಹೊರಳುತ್ತವೆ?

ಮುದ್ರಿತ ಪ್ರಶ್ನಾವಳಿಗೆ ಇವು ದಕ್ಕುವುದಿಲ್ಲ. ಅದನ್ನು ಹಿಡಿದು ಬಂದವನಿಗೆ ನಮ್ಮ ಜನ ಮೊದಲು ಚಹಾ ಕೊಡುತ್ತಾರೆ, ಬಳಿಕ ಅವನಿಗೆ ಹಿತವಾದ ಉತ್ತರವನ್ನು! ಹೊರಗಿನ ವಿದ್ವಾಂಸನು ಪ್ರಯಾಸದಿಂದ ಕಲಿಯುವ ಆಡುನುಡಿ ಇಲ್ಲಿಯ ವಿದ್ಯಾರ್ಥಿಗೆ ಮನೆಮಾತು. ಆದರೆ ದಿನವೂ ಕಾಣುವ ಕೇರಿ ಅವನ ಕಣ್ಣಿಗೇ ಬೀಳದು. ಊರ ಚಹಾದಂಗಡಿಯಲ್ಲಿ ಯಾರು ಬಾಕಿನ ಮೇಲೆ ಕೂರುತ್ತಾರೆ, ಯಾರು ನಿಂತೇ ಕುಡಿದು ಹೋಗುತ್ತಾರೆ ಎಂಬುದನ್ನು ಅವನು ಒಂದು ತಿಂಗಳು ಬರೆದಿಡಲಿ.