ಶಾಸನಸಭೆಯೂ ಕನ್ನಡಿಯೂ

ಪ್ರಜೆಗಳಲ್ಲಿ ಯಾವ ಯಾವ ವರ್ಗದವರು ಎಷ್ಟೆಷ್ಟು ಮಂದಿಯಿರುವರೋ ಅದೇ ಪ್ರಮಾಣದಲ್ಲಿ ಶಾಸನಸಭೆಯಲ್ಲಿಯೂ ಅವರಿರಬೇಕೆಂಬ ವಾದವು ನಮ್ಮ ದೇಶಕ್ಕೆ ಹೊಸದಲ್ಲ. ಲೋಕಸಭೆಯಲ್ಲಿಯೂ ರಾಜ್ಯಗಳ ವಿಧಾನಸಭೆಗಳಲ್ಲಿಯೂ ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನಗಳನ್ನು ಮೀಸಲಿಡುವ 106ನೆಯ ಸಂವಿಧಾನ ತಿದ್ದುಪಡಿಯು 2023ರಲ್ಲಿ ಅಂಗೀಕೃತವಾದ ಮೇಲೆ ಈ ವಾದಕ್ಕೆ ಮತ್ತೆ ಕಾವೇರಿತು. ಸಭೆಯು ಜನತೆಯ ಕನ್ನಡಿಯಾಗಿರಬೇಕೆಂದು ಒಂದು ಪಕ್ಷದವರು ಹೇಳುವರು. ಯೋಗ್ಯತೆಯೊಂದನ್ನೇ ನೋಡತಕ್ಕದ್ದೆಂದು ಮತ್ತೊಂದು ಪಕ್ಷದವರು ಹೇಳುವರು. ಎರಡರಲ್ಲಿಯೂ ಸತ್ಯಾಂಶವುಂಟು, ಯಾವುದೊಂದನ್ನು ಕೊನೆಯವರೆಗೆ ಎಳೆದರೂ ಅನರ್ಥವುಂಟು.

ಮೊದಲನೆಯ ವಾದವನ್ನು ನೋಡೋಣ. ಕರ್ನಾಟಕ ವಿಧಾನಸಭೆಯ ಚುನಾಯಿತ ಸ್ಥಾನಗಳು 224. ಜಾತಿ, ಮತ, ವೃತ್ತಿ, ಭಾಷೆ, ವಯಸ್ಸು ಎಂಬ ಭೇದಗಳನ್ನೆಲ್ಲ ತೂಗಿ ಹಂಚಹೊರಟರೆ ಸ್ಥಾನಗಳು ಮುಗಿದಾವು, ಭೇದಗಳು ಮುಗಿಯವು. ಅದೂ ಅಲ್ಲದೆ ಪ್ರತಿನಿಧಿಯು ತನ್ನ ಕುಲದವರಿಗೆ ಮಾತ್ರ ಉತ್ತರವಾದಿಯೆಂಬ ಭಾವನೆಯು ಬೇರೂರಿದರೆ, ಉಳಿದ ಮತದಾರರು ಯಾರ ಬಾಗಿಲಿಗೆ ಹೋಗಬೇಕು? 1909ರ ಸುಧಾರಣೆಗಳಲ್ಲಿ ಆಂಗ್ಲ ಸರಕಾರವು ಪ್ರತ್ಯೇಕ ಮತಕ್ಷೇತ್ರಗಳನ್ನು ಸ್ಥಾಪಿಸಿ ಇದನ್ನೇ ಮಾಡಿತು. ಅನ್ಯಮತದ ನೆರೆಯವನ ಒಂದು ಮತವನ್ನೂ ಬೇಡದೆ ಗೆದ್ದು ಬರಬಹುದೆಂದಾದಾಗ, ನೆರೆಯವನ ಮನಸ್ಸನ್ನು ಒಲಿಸಿಕೊಳ್ಳುವ ಅವಶ್ಯಕತೆಯೇ ಇಲ್ಲವಾಯಿತು. ಅದರ ಫಲವನ್ನು 1947ರಲ್ಲಿ ದೇಶವು ಉಂಡಿತು. ನಮ್ಮ ಸಂವಿಧಾನ ಸಭೆಯು ಪ್ರತ್ಯೇಕ ಮತಕ್ಷೇತ್ರಗಳನ್ನು ತೊಡೆದುಹಾಕಿದ್ದು ವಿವೇಕದ ಕಾರ್ಯವೇ ಸರಿ.

ಹಾಗೆಂದಮಾತ್ರಕ್ಕೆ ಎರಡನೆಯ ವಾದವು ಗೆದ್ದಂತಾಗಲಿಲ್ಲ. 1881ರಲ್ಲಿ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಕೂಡಿಸಿದ ಮೊದಲ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದರು. ಬಂದವರು ಬಹುತರವಾಗಿ ಭೂಮಾಲೀಕರೂ ವರ್ತಕರೂ ಆಗಿದ್ದರು. ಅದು ಆ ಕಾಲದ ಮಾತು. ಆದರೆ ವಯಸ್ಕ ಮತಾಧಿಕಾರವು ಬಂದು ಏಳು ದಶಕಗಳು ಕಳೆದ ಮೇಲೆ, 2023ರ ಚುನಾವಣೆಯಲ್ಲಿ ನಮ್ಮ 224 ಸ್ಥಾನಗಳಿಗೆ ಆಯ್ಕೆಯಾದ ಮಹಿಳೆಯರು 10 ಮಂದಿ. 2024ರಲ್ಲಿ ಲೋಕಸಭೆಯ 543 ಸ್ಥಾನಗಳಿಗೆ 74 ಮಂದಿ. ಯೋಗ್ಯತೆಯೇ ಈ ಆಯ್ಕೆಯನ್ನು ಮಾಡಿತೆಂದು ಯಾರಾದರೂ ಹೇಳಿಯಾರೆ? ಮತದಾರನ ಮುಂದೆ ಯಾರ ಹೆಸರನ್ನಿಡಬೇಕೆಂಬುದನ್ನು ಪಕ್ಷಗಳ ಯಜಮಾನರು ಮುಂಚಿತವಾಗಿಯೇ ನಿರ್ಣಯಿಸಿರುವರು. ಮತಗಟ್ಟೆಯಲ್ಲಿ ಯೋಗ್ಯತೆಯ ಪರೀಕ್ಷೆ ನಡೆಯುವುದಕ್ಕೆ ಮೊದಲೇ ಅರ್ಧ ಮಂದಿ ಪರೀಕ್ಷಾರ್ಥಿಗಳನ್ನು ಬಾಗಿಲಿನಿಂದಾಚೆ ನಿಲ್ಲಿಸಲಾಗಿದೆ.

ಕೈಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳುವರು. ಬೇಡ, ನಿಜ, ಆದರೆ ಬೆನ್ನಿನ ಹುಣ್ಣಿಗೆ ಬೇಕು. ಸಭೆಯಲ್ಲಿ ಕುಳಿತವರ ಕಣ್ಣಿಗೆ ತಾನಾಗಿ ಬೀಳದ ನೋವುಗಳು ಸಮಾಜದಲ್ಲಿ ಎಷ್ಟೋ ಇವೆ. ಬಳ್ಳಾರಿ, ದಕ್ಷಿಣ ಕನ್ನಡಗಳನ್ನೂ ಒಳಗೊಂಡಿದ್ದ ಮದರಾಸು ಪ್ರಾಂತದ ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ 1927ರಲ್ಲಿ ನಿರ್ಣಯವನ್ನು ಮಂಡಿಸಿದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು. ಅವರ ತಾಯಿಯು ಆ ಕುಲದಲ್ಲಿಯೇ ಹುಟ್ಟಿದವರು. ಮಗಳು ಸಭೆಗೆ ಬಂದದ್ದು ನಾಮಕರಣದಿಂದ, ಚುನಾವಣೆಯ ದಾರಿಯಿಂದಲ್ಲ. ರಾಷ್ಟ್ರೀಯ ಪಕ್ಷದ ಹಿರಿಯರಲ್ಲಿಯೇ ಕೆಲವರು ಅವರನ್ನು ವಿರೋಧಿಸಿದರು; ಪೂರ್ಣ ಶಾಸನವಾಗುವುದಕ್ಕೆ 1947ರವರೆಗೆ ಕಾಯಬೇಕಾಯಿತು. ಆದರೆ ದೇವದಾಸಿಯರಲ್ಲಿಯೇ ಹಲವರು ಆ ಪ್ರಯತ್ನವನ್ನು ಪ್ರತಿಭಟಿಸಿದರೆಂಬುದನ್ನೂ ಮರೆಯಲಾಗದು. ಹುಟ್ಟಿನಿಂದ ಅನುಭವವು ದೊರೆಯಬಹುದು, ಒಮ್ಮತವು ದೊರೆಯದು. ಆದಕಾರಣ ಒಂದು ವರ್ಗಕ್ಕೆ ಒಬ್ಬ ಪ್ರತಿನಿಧಿಯು ಸಾಲದು. ಪರಸ್ಪರ ವಾದಿಸುವಷ್ಟು ಮಂದಿ ಇರಬೇಕು.

ಹಾಗಾದರೆ ದಾರಿ ಯಾವುದು? 1932ರ ಪುಣೆ ಒಪ್ಪಂದವು ಅದನ್ನು ತೋರಿಸಿದೆ. ಬ್ರಿಟಿಷರ ತೀರ್ಪಿನಂತೆ ಪ್ರಾಂತಗಳ ಶಾಸನಸಭೆಗಳಲ್ಲಿ ಶೋಷಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರಗಳ 71 ಸ್ಥಾನಗಳಿದ್ದವು. ಒಪ್ಪಂದದಿಂದ ಸಂಯುಕ್ತ ಮತಕ್ಷೇತ್ರಗಳಲ್ಲಿ 148 ಮೀಸಲು ಸ್ಥಾನಗಳಾದವು. ಡಾಕ್ಟರ್ ಅಂಬೇಡ್ಕರರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರೆಂಬುದೂ, ಅನ್ಯರ ಮತಗಳಿಂದ ಗೆದ್ದವನು ತನ್ನವರ ಪರವಾಗಿ ನಿರ್ಭಯವಾಗಿ ನುಡಿದಾನೆಯೆಂದು ಕೇಳಿದರೆಂಬುದೂ ನಿಜ. ಆ ಪ್ರಶ್ನೆಯು ಇಂದಿಗೂ ಹಳೆಯದಾಗಿಲ್ಲ. ಆದರೂ ಅಭ್ಯರ್ಥಿಯು ಒಂದು ವರ್ಗದವನು, ಮತದಾರರು ಎಲ್ಲ ವರ್ಗದವರು ಎಂಬ ಕ್ರಮದಲ್ಲಿ ಬಾಗಿಲೂ ತೆರೆಯುತ್ತದೆ, ಮನೆಯೂ ಒಡೆಯುವುದಿಲ್ಲ. ಈ ಕ್ರಮದಿಂದಲೇ ನಮ್ಮ ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿಗಳಿಗೆ 36, ಪಂಗಡಗಳಿಗೆ 15 ಸ್ಥಾನಗಳು ಮೀಸಲಾಗಿವೆ.

ಮಹಿಳೆಯರ ವಿಷಯದಲ್ಲಿ ಕರ್ನಾಟಕವು ದೇಶಕ್ಕಿಂತ ಮುಂದೆ ನಡೆಯಿತು. 1983ರ ಕಾಯಿದೆಯಂತೆ 1987ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಕಾಲುಭಾಗ ಸ್ಥಾನಗಳು ಅವರಿಗಿದ್ದವು. ಮುಂದೆ ಪಂಚಾಯಿತಿಗಳಲ್ಲಿ ಅದು ಅರ್ಧಕ್ಕೇರಿತು. ಅಧ್ಯಕ್ಷಿಣಿಯ ಹೆಸರಿನಲ್ಲಿ ಪತಿಯು ಆಳುವನೆಂಬ ಆಕ್ಷೇಪವುಂಟು. ಕೆಲವೆಡೆ ಅದು ನಿಜವೂ ಹೌದು. ಆದರೆ ಆ ದೋಷವು ಪತಿಯದು, ಸ್ಥಾನದ್ದಲ್ಲ. ಈಜು ಬಾರದೆಂದು ನೀರಿಗೇ ಇಳಿಸದಿದ್ದರೆ ಈಜು ಬರುವುದೆಂದಿಗೆ?

106ನೆಯ ತಿದ್ದುಪಡಿಯು ತನ್ನ ಜಾರಿಯನ್ನು ಮುಂದಿನ ಜನಗಣತಿಗೂ ಕ್ಷೇತ್ರಗಳ ಪುನರ್ವಿಂಗಡಣೆಗೂ ಕಟ್ಟಿಹಾಕಿತು. ಆದರೆ ಪಕ್ಷಗಳ ಅಭ್ಯರ್ಥಿಪಟ್ಟಿಗೆ ಯಾವ ಜನಗಣತಿಯೂ ಅಡ್ಡಬರುವುದಿಲ್ಲ. ಮೀಸಲಿಗೆ ಕೈಯೆತ್ತಿದ ಪಕ್ಷಗಳು ತಮ್ಮ ಪಟ್ಟಿಯಲ್ಲಿ ಮೂರರಲ್ಲೊಂದು ಹೆಸರನ್ನು ತಾವಾಗಿಯೇ ಮಹಿಳೆಯರಿಗೆ ಬಿಡಲಿ. ಬಿಡದಿದ್ದರೆ, ಕೈಯೆತ್ತಿದ್ದು ಏತಕ್ಕೆಂದು ಮತದಾರರು ಅವರನ್ನು ಮನೆಬಾಗಿಲಿನಲ್ಲಿಯೇ ಕೇಳಲಿ.